ಫ್ಯೂಸ್ ಕಿತ್ತರೂ ಆಫ್ ಆಗದ ಎಂಜಿನ್: ಸಿಎನ್‌ಜಿ ಕಾರೊಂದರ ಪೆಟ್ರೋಲ್ ಲೈನ್ ಬಿಚ್ಚಿದ ಪ್ರಕರಣ

ಗಾಡಿ 1.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಜೊತೆಗೆ ಸಿಎನ್‌ಜಿ ಕಿಟ್ ಇದೆ. ಟ್ಯಾಕ್ಸಿಯಾಗಿ ಓಡುತ್ತಿದ್ದು ಮೀಟರಿನಲ್ಲಿ 1,60,000 ಕಿ.ಮೀ. ದಾಟಿದೆ. ಡ್ರೈವರ್ ತಂದ ದೂರು ಇಷ್ಟು: ರೇಡಿಯೇಟರ್ ನೀರು ವಾರಕ್ಕೊಮ್ಮೆ ಕಡಿಮೆಯಾಗುತ್ತಿದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತದೆ, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ ಎಂದು ಹೇಳಲು ಇದಕ್ಕಿಂತ ಹೆಚ್ಚಿನ ಲಕ್ಷಣ ಬೇಕಿರಲಿಲ್ಲ. ಹೆಡ್ ಎತ್ತಬೇಕು. ಅದಕ್ಕೆ ಮೊದಲು ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಮತ್ತು ಅದರ ಮೇಲಿನ, ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರುಗಳಿಗೆ ಅದನ್ನು ಹಂಚುವ ಫ್ಯೂಯಲ್ ರೈಲ್ ಹೊರಬರಬೇಕು. ಅದಕ್ಕೂ ಮೊದಲು ರೈಲಿಗೆ ಬಂದು ಸೇರುವ ಪೆಟ್ರೋಲ್ ಪೈಪನ್ನು ಬಿಚ್ಚಬೇಕು. ಎರಡು ದಿನದ ಕೆಲಸದಲ್ಲಿ ಈ ಪೈಪ್ ಬಿಚ್ಚುವುದಕ್ಕೆ ಹಿಡಿಯುವ ಸಮಯ ಹತ್ತು ನಿಮಿಷ. ಈ ಪ್ರಕರಣದಲ್ಲಿ ಎಡವಿದ್ದು ಆ ಹತ್ತು ನಿಮಿಷದಲ್ಲೇ.

ಗ್ಯಾರೇಜು ಹೆದ್ದಾರಿ ಪಕ್ಕದ ಎರಡು ಬೇಯ ಶೆಡ್ಡು. ಗೋಡೆಯಾಚೆ ಟಿಂಕರಿಂಗ್ ಮಾಡುವವರು, ಅಲ್ಲಿ ದಿನವಿಡೀ ಗ್ಯಾಸ್ ವೆಲ್ಡಿಂಗ್. ಹಿರಿಯ ಮೆಕ್ಯಾನಿಕ್ ಕಾರ್ಬ್ಯುರೇಟರ್ ಕಾಲದಿಂದ ಕೆಲಸ ಮಾಡಿದವರು, ಕೈ ಚುರುಕು. ಜೊತೆಗೆ ಎರಡು ವರ್ಷದಿಂದ ಕಲಿಯುತ್ತಿರುವ ಹುಡುಗ.

ನಡೆದದ್ದು ಹೀಗೆ

ಡ್ರೈವರ್ ಗಾಡಿಯನ್ನು ಓಡಿಸಿಕೊಂಡೇ ಬಂದಿದ್ದರು. ಎಂಜಿನ್ ಆನ್ ಇಟ್ಟೇ ಬೋನೆಟ್ ಎತ್ತಿದರು. ಪೆಟ್ರೋಲ್ ಲೈನಿನ ಪ್ರೆಷರ್ ಇಳಿಸುವ ವಿಧಾನ ಮೆಕ್ಯಾನಿಕ್‌ಗೆ ಗೊತ್ತಿತ್ತು: ಎಂಜಿನ್ ಓಡುತ್ತಿರುವಾಗ ಫ್ಯೂಯಲ್ ಪಂಪಿನ ಫ್ಯೂಸ್ ಕೀಳಬೇಕು, ಲೈನಿನಲ್ಲಿ ಉಳಿದ ಪೆಟ್ರೋಲ್ ಸುಟ್ಟು ಎಂಜಿನ್ ತಾನಾಗಿ ನಿಲ್ಲಬೇಕು. ಫ್ಯೂಸ್ ಬಾಕ್ಸಿನ ಮುಚ್ಚಳದ ಚಿತ್ರ ನೋಡಿ ಸರಿಯಾದ ಫ್ಯೂಸನ್ನೇ ಕಿತ್ತರು. ಎಂಜಿನ್ ನಿಲ್ಲಲಿಲ್ಲ. ಒಂದು ನಿಮಿಷ ಕಾದರು. ಅಲುಗಾಟವೂ ಇಲ್ಲದೆ ಐಡಲ್‌ನಲ್ಲಿ ಓಡುತ್ತಲೇ ಇತ್ತು.

“ಅಣ್ಣ, ಇದಲ್ಲ ಅನ್ಸತ್ತೆ, ಬೇರೆ ಫ್ಯೂಸ್ ಇರ್ಬೇಕು ನೋಡಿ” ಎಂದ ಹುಡುಗ.

“ಹಾಗಾದ್ರೆ ಅದನ್ನ ವಾಪಸ್ ಹಾಕು. ಕೀ ಆಫ್ ಮಾಡು, ಆಮೇಲೆ ನೋಡೋಣ.”

ಫ್ಯೂಸ್ ತನ್ನ ಜಾಗಕ್ಕೆ ಹೋಯಿತು, ಎಂಜಿನ್ ಆಫ್ ಆಯಿತು. ಏರ್ ಫಿಲ್ಟರ್ ಬಾಕ್ಸ್ ಬಿಚ್ಚುವಷ್ಟರಲ್ಲಿ ಡ್ರೈವರ್ ಬಂದು, “ಪೆಟ್ರೋಲ್ ಎಲ್ಲಿದೆ ಸರ್ ಇದ್ರಲ್ಲಿ, ಎಲ್ಲಾ ಗ್ಯಾಸ್ ಮೇಲೇ ಓಡ್ಸೋದು. ರಿಸರ್ವ್ ಲೈಟು ಯಾವಾಗ್ಲೂ ಉರೀತಾನೇ ಇರತ್ತೆ” ಎಂದರು. ಟ್ಯಾಂಕೇ ಖಾಲಿ ಎಂದಮೇಲೆ ಪೈಪಿನಲ್ಲಿ ಏನಿರುತ್ತದೆ ಎಂಬ ಧೈರ್ಯ ಬಂತು. ಈ ನಡುವೆ ಜಾಬ್ ಕಾರ್ಡಿನಲ್ಲಿ ಕಿಲೋಮೀಟರ್ ಬರೆಯಲು ಹುಡುಗ ಕೀಯನ್ನು ಒಮ್ಮೆ ಆನ್ ಮಾಡಿ, ಓದಿಕೊಂಡು, ಆಫ್ ಮಾಡಿದ. ನಂತರ 10ರ ಸ್ಪ್ಯಾನರಿನಲ್ಲಿ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಬಾಗಿಸಿಟ್ಟರು.

ಗಾಡಿ ಬಂದು ಅರ್ಧ ಗಂಟೆ ಕಳೆದಿತ್ತು, ಎಂಜಿನ್ ಇನ್ನೂ ಕೈ ಇಡಲಾರದಷ್ಟು ಬಿಸಿ. ಪೆಟ್ರೋಲ್ ಪೈಪಿನ ಕನೆಕ್ಟರ್ ಮ್ಯಾನಿಫೋಲ್ಡಿನ ಅಡಿಯಲ್ಲಿ, ಕೈ ಹೋದರೆ ಕಣ್ಣು ಹೋಗದಂಥ ಜಾಗದಲ್ಲಿತ್ತು. ಎರಡು ಪಕ್ಕದ ಗುಂಡಿಗಳನ್ನು ಬೆರಳಲ್ಲಿ ಒತ್ತಿದರೂ ಧೂಳು ಕಚ್ಚಿಕೊಂಡಿದ್ದರಿಂದ ಅವು ಒಳಗೆ ಹೋಗಲಿಲ್ಲ. ಚಪ್ಪಟೆ ಸ್ಕ್ರೂಡ್ರೈವರನ್ನು ತೂರಿಸಿ ಮೀಟಿದರು. ಲಾಕ್ ಬಿಟ್ಟಿತು. ಅದೇ ಕ್ಷಣಕ್ಕೆ ಪೆಟ್ರೋಲ್ ಪಿಚಕಾರಿಯ ಹಾಗೆ ಚಿಮ್ಮಿ ಮೆಕ್ಯಾನಿಕ್ಕರ ಮುಂಗೈ, ಕೆನ್ನೆ ಮತ್ತು ಎಡಗಣ್ಣಿಗೆ ಹೊಡೆಯಿತು. ಕನ್ನಡಕ ಹಾಕಿರಲಿಲ್ಲ. ಪೈಪು ಕೈಬಿಟ್ಟು ಕೆಳಗೆ ಜೋತುಬಿತ್ತು. ಉಳಿದ ಪೆಟ್ರೋಲ್ ಆಲ್ಟರ್ನೇಟರ್ ಮೇಲೆ ಸುರಿದು, ಅಲ್ಲಿಂದ ಅಡಿಯ ಪ್ಲಾಸ್ಟಿಕ್ ತಟ್ಟೆಗೆ ಇಳಿಯಿತು. ಎಲ್ಲ ಸೇರಿ ಒಂದು ಟೀ ಲೋಟದಷ್ಟು.

ಬೆಂಕಿ ಹೊತ್ತಿಕೊಳ್ಳಲಿಲ್ಲ. ಬ್ಯಾಟರಿಯ ನೆಗೆಟಿವ್ ಮೊದಲೇ ಬಿಚ್ಚಿದ್ದರಿಂದ ಆಲ್ಟರ್ನೇಟರಿನ ದಪ್ಪ ತಂತಿಯಲ್ಲಿ ಕರೆಂಟ್ ಇರಲಿಲ್ಲ. ಕೈಯಲ್ಲಿದ್ದದ್ದು ಚಾರ್ಜ್ ಮಾಡುವ ಎಲ್‌ಇಡಿ ಟಾರ್ಚು. ಟಿಂಕರಿಂಗ್ ಶೆಡ್ಡಿನವರು ಊಟಕ್ಕೆ ಎದ್ದಿದ್ದರು. ಈ ಮೂರರಲ್ಲಿ ಮೊದಲನೆಯದು ಮಾತ್ರ ಬೇಕೆಂದೇ ಮಾಡಿದ ಕೆಲಸ. ಉಳಿದೆರಡು ಆ ದಿನಕ್ಕೆ ಒದಗಿಬಂದವು.

ಹುಡುಗ ವಾಸನೆ ಹೋಗಲೆಂದು ಟೇಬಲ್ ಫ್ಯಾನ್ ಹಾಕಲು ಓಡಿದ. ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡೇ ಕೂಗಿ ನಿಲ್ಲಿಸಿದರು. ಅದು ಸರಿಯಾದ ಕೂಗು. ಸ್ವಿಚ್ಚಿನೊಳಗಿನ ಕಿಡಿಯೊಂದೇ ಆವಿಗೆ ಸಾಕು. ಅಂಥ ಹೊತ್ತಿನಲ್ಲಿ ಯಾವ ಸ್ವಿಚ್ಚನ್ನೂ ಹಾಕಬಾರದು, ಆನ್ ಇರುವ ಸ್ವಿಚ್ಚನ್ನು ಆಫ್ ಮಾಡಲೂಬಾರದು. ಬಾಗಿಲು ತೆರೆದು, ಎಲ್ಲರೂ ಹೊರಗೆ ಬಂದು, ಪಕ್ಕದವರಿಗೆ ವೆಲ್ಡಿಂಗ್ ಹಚ್ಚಬೇಡಿ ಎಂದು ಹೇಳಿ ಕಳಿಸುವುದು ಮೊದಲ ಕೆಲಸ. ಕಣ್ಣನ್ನು ನಲ್ಲಿಯ ಸಣ್ಣ ಧಾರೆಯಲ್ಲಿ 15 ನಿಮಿಷ ತೊಳೆದರು, ಒದ್ದೆಯಾದ ಅಂಗಿ ಕಳಚಿ ಕೈಯನ್ನು ಸೋಪಿನಲ್ಲಿ ತೊಳೆದರು, ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದರು. ನೆಲಕ್ಕೆ ಒಣ ಮರಳು ಹಾಕಿ ಹೀರಿಸಿ, ಆ ಮರಳನ್ನು ಬಯಲಿನಲ್ಲಿ ಹರವಿದರು. ನೀರು ಹಾಕಿ ಚರಂಡಿಗೆ ನೂಕಿದ್ದರೆ ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಬೇರೆ ಯಾರದೋ ಬೀಡಿಯ ಹತ್ತಿರ ಹೋಗುತ್ತಿತ್ತು.

ಪ್ರೆಷರ್ ಎಲ್ಲಿಂದ ಬಂತು

ಫ್ಯೂಸ್ ಸರಿಯಾದದ್ದೇ. ಎಂಜಿನ್ ಓಡುತ್ತಿದ್ದದ್ದು ಸಿಎನ್‌ಜಿಯ ಮೇಲೆ. ಗ್ಯಾಸಿನಲ್ಲಿ ಓಡುವಾಗ ಪೆಟ್ರೋಲ್ ಇಂಜೆಕ್ಟರುಗಳು ಮುಚ್ಚಿರುತ್ತವೆ. ಕೆಲವು ಗಾಡಿಗಳಲ್ಲಿ ಆಗ ಪೆಟ್ರೋಲ್ ಪಂಪೂ ನಿಂತಿರುತ್ತದೆ, ಹೊರಗೆ ಹಾಕಿಸಿದ ಕೆಲವು ಕಿಟ್‌ಗಳಲ್ಲಿ ಪಂಪು ಓಡುತ್ತಲೇ ಇರುತ್ತದೆ. ಹೇಗಿದ್ದರೂ ರೈಲಿನೊಳಗಿನ ಪೆಟ್ರೋಲ್ ಒಂದು ಹನಿಯೂ ಖರ್ಚಾಗುವುದಿಲ್ಲ. ಪಂಪಿನ ಫ್ಯೂಸ್ ಕಿತ್ತು ಒಂದು ಗಂಟೆ ಬಿಟ್ಟಿದ್ದರೂ ಎಂಜಿನ್ ನಿಲ್ಲುತ್ತಿರಲಿಲ್ಲ, ಪ್ರೆಷರ್ ಇಳಿಯುತ್ತಿರಲಿಲ್ಲ. ಮೆಕ್ಯಾನಿಕ್‌ಗೆ ವಿಧಾನ ಗೊತ್ತಿತ್ತು, ಆದರೆ ಆ ವಿಧಾನ ಕೆಲಸ ಮಾಡುವುದು ಎಂಜಿನ್ ಪೆಟ್ರೋಲ್ ಕುಡಿಯುತ್ತಿರುವಾಗ ಮಾತ್ರ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಎಂಜಿನ್ ತಾನಾಗಿ ನಿಲ್ಲುವುದೇ ಪ್ರೆಷರ್ ಇಳಿದದ್ದಕ್ಕೆ ಸಾಕ್ಷಿ. ಕೀ ತಿರುಗಿಸಿ ನಿಲ್ಲಿಸಿದರೆ ಸಾಕ್ಷಿ ಸಿಗುವುದಿಲ್ಲ.

ಎರಡನೆಯ ಪೆಟ್ಟು ಜಾಬ್ ಕಾರ್ಡಿಗಾಗಿ ಕೀ ಆನ್ ಮಾಡಿದ್ದು. ಇಂಜೆಕ್ಷನ್ ಗಾಡಿಗಳಲ್ಲಿ ಕೀ ಆನ್ ಆದ ಕೂಡಲೇ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪಂಪನ್ನು ಎರಡು ಮೂರು ಸೆಕೆಂಡ್ ಓಡಿಸಿ ಲೈನನ್ನು ತುಂಬಿಸಿಡುತ್ತದೆ. ಹಿಂದಿನ ಸೀಟಿನ ಕಡೆ ಕಿವಿ ಕೊಟ್ಟರೆ ‘ಝೂಂ’ ಎಂದು ಕೇಳಿಸುವುದು ಅದೇ. ಫ್ಯೂಸ್ ವಾಪಸ್ ಕೂತಿತ್ತು, ಕೀ ಆನ್ ಆಯಿತು. ಅದಕ್ಕೆ ಮೊದಲು ಪ್ರೆಷರ್ ಸ್ವಲ್ಪ ಇಳಿದಿದ್ದರೂ ಮತ್ತೆ ಪೂರ್ತಿ ಏರಿತು. ಪ್ರೆಷರ್ ಇಳಿಸಿದ ಮೇಲೆ ಕಿಟಕಿ ಇಳಿಸಲು, ಮೀಟರ್ ನೋಡಲು, ಹಾಡು ಹಾಕಲು ಯಾರೂ ಕೀ ಮುಟ್ಟಬಾರದು. ಕೀ ಮೆಕ್ಯಾನಿಕ್ಕರ ಜೇಬಿನಲ್ಲಿರಬೇಕು.

ಇನ್ನು ರಿಸರ್ವ್ ಲೈಟಿನ ಮಾತು. ಇಂಥ ಗಾಡಿಗಳು ಸಾಮಾನ್ಯವಾಗಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಎಂಜಿನ್ ಬೆಚ್ಚಗಾದ ಮೇಲೆ ಗ್ಯಾಸಿಗೆ ಹೊರಳುತ್ತವೆ. ಟ್ಯಾಂಕಿನಲ್ಲಿ ಮೂರು ಲೀಟರ್ ಇದ್ದರೂ ಮೂವತ್ತು ಲೀಟರ್ ಇದ್ದರೂ ಪೈಪಿನ ಪ್ರೆಷರ್ ಒಂದೇ. ಮ್ಯಾನಿಫೋಲ್ಡಿಗೆ ಪೆಟ್ರೋಲ್ ಚಿಮುಕಿಸುವ ಗಾಡಿಗಳಲ್ಲಿ ಅದು ಸುಮಾರು 3ರಿಂದ 4 ಬಾರ್, ಅಂದರೆ 44ರಿಂದ 58 ಪಿಎಸ್‌ಐ. ಅದೇ ಬಗೆಯ ಕಾರಿನ ಟೈರಿನ ಗಾಳಿ 30 ಪಿಎಸ್‌ಐ ಆಸುಪಾಸಿನದು. ಪಂಪಿನ ಬಾಯಲ್ಲಿರುವ ಚೆಕ್ ವಾಲ್ವ್ ಈ ಪ್ರೆಷರನ್ನು ಎಂಜಿನ್ ಆಫ್ ಆದ ಮೇಲೂ ಗಂಟೆಗಟ್ಟಲೆ ಹಿಡಿದಿಡುತ್ತದೆ, ಮುಂದಿನ ಸಲ ಬೇಗ ಸ್ಟಾರ್ಟ್ ಆಗಲೆಂದು. ಎಂಜಿನ್ ತಣ್ಣಗಾದರೆ ಪೆಟ್ರೋಲ್ ಕುಗ್ಗಿ ಪ್ರೆಷರ್ ತಾನೇ ಇಳಿಯತೊಡಗುತ್ತದೆ, ಬಿಸಿಯಿದ್ದರೆ ಹಾಗೇ ನಿಂತಿರುತ್ತದೆ. ಅರ್ಧ ಗಂಟೆ ಬಿಟ್ಟದ್ದರಿಂದ ಈ ಗಾಡಿಯಲ್ಲಿ ಏನೂ ಲಾಭವಾಗದಿರಲು ಅದೂ ಒಂದು ಕಾರಣ.

ಹಳೆಯ ಕಾರ್ಬ್ಯುರೇಟರ್ ಗಾಡಿಯ ಡಯಾಫ್ರಂ ಪಂಪು ಕೊಡುತ್ತಿದ್ದದ್ದು 0.2ರಿಂದ 0.4 ಬಾರ್. ಕ್ಲಿಪ್ ಸಡಿಲಿಸಿ ಪೈಪು ಎಳೆದರೆ ನಾಲ್ಕು ಹನಿ ಬಿದ್ದು ನಿಲ್ಲುತ್ತಿತ್ತು, ಹೆಬ್ಬೆರಳಲ್ಲಿ ಮುಚ್ಚಿಕೊಂಡರೆ ಮುಗಿಯಿತು. ಆ ಕೈರೂಢಿ ಹತ್ತು ಪಟ್ಟು ಪ್ರೆಷರಿನ ಲೈನಿಗೂ ಬಂದುಬಿಡುತ್ತದೆ. ಅನುಭವ ಇರುವವರ ಕೈಯಲ್ಲೇ ಈ ಅವಘಡ ಆಗುವುದು ನಮಗೆ ಆಶ್ಚರ್ಯದ ಸಂಗತಿಯಲ್ಲ.

ಒಂದು ಟೀ ಲೋಟ ಎಂದು ಸಸಾರ ಮಾಡುವಂತಿಲ್ಲ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಊರುಗಳ ಮಧ್ಯಾಹ್ನದ ಶಾಖದಲ್ಲಿ, ಬಿಸಿ ಎಂಜಿನ್ನಿನ ಮೇಲೆ, ಅದು ಆರಿಹೋಗುವುದು ಕಣ್ಣೆದುರೇ ಕಾಣುತ್ತದೆ. ಗಾಳಿಯಲ್ಲಿ ಆವಿಯ ಪಾಲು ಸುಮಾರು 1.4ರಿಂದ 7.6 ಶೇಕಡಾ ಇದ್ದರೆ ಅದು ಉರಿಯುತ್ತದೆ. 100 ಮಿ.ಲೀ. ಪೆಟ್ರೋಲ್ ಪೂರ್ತಿ ಆವಿಯಾದರೆ ಒಂದು ಘನ ಮೀಟರಿಗಿಂತ ಹೆಚ್ಚು ಗಾಳಿಯನ್ನು ಹೊತ್ತಿಕೊಳ್ಳುವ ಹದಕ್ಕೆ ತರಬಲ್ಲದು. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗದೆ ನೆಲ ಹಿಡಿದು ಹರಿಯುತ್ತದೆ, ಗುಂಡಿಯಿದ್ದರೆ ಅದರಲ್ಲಿ ನಿಲ್ಲುತ್ತದೆ. ಅದಕ್ಕೇ ಸರ್ವಿಸ್ ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಪೆಟ್ರೋಲ್ ಲೈನ್ ಬಿಚ್ಚಲೇಬಾರದು. ಹೊತ್ತಿಸಲು ಬೇಕಾದ ಕಿಡಿಯ ಶಕ್ತಿ ಕಾಲು ಮಿಲಿಜೌಲ್ ಆಸುಪಾಸು. ಒಣಹವೆಯಲ್ಲಿ ಸೀಟಿನಿಂದ ಇಳಿದು ಬಾಗಿಲು ಮುಟ್ಟಿದಾಗ ‘ಚುರ್’ ಎನ್ನುವ ಸ್ಥಾಯೀ ವಿದ್ಯುತ್ತು ಅದಕ್ಕಿಂತ ಹೆಚ್ಚಿನದು. ಸೈಲೆನ್ಸರ್ ಕಡೆಯ ಬಿಸಿ ಲೋಹಕ್ಕೆ ಎಲ್ಲರೂ ಹೆದರುತ್ತಾರೆ, ಹೆದರಲೂ ಬೇಕು. ಆದರೆ ಕಿಡಿಯೇ ಅದಕ್ಕಿಂತ ಸುಲಭವಾಗಿ ಹೊತ್ತಿಸುವುದು. ಬಲ್ಬಿನ ಹ್ಯಾಂಡ್ ಲ್ಯಾಂಪು ಇನ್ನೂ ಕೆಟ್ಟದ್ದು. ಉರಿಯುವ ಬಲ್ಬಿನ ಮೇಲೆ ಪೆಟ್ರೋಲ್ ಬಿದ್ದರೆ ಗಾಜು ಒಡೆದು ಕೆಂಪಗೆ ಕಾದ ತಂತಿಯೇ ಹೊರಗೆ ಬರುತ್ತದೆ.

ಆಗಬೇಕಿದ್ದ ಕ್ರಮ

ಈ ಗಾಡಿಯಲ್ಲಿ ಎರಡು ಇಂಧನ ಇರುವುದರಿಂದ ಕ್ರಮವೇ ಮುಖ್ಯ. ಮೊದಲು ಗ್ಯಾಸು, ಆಮೇಲೆ ಪೆಟ್ರೋಲ್. ತಿರುಗುಮುರುಗಾದರೆ ಎರಡೂ ಕೆಡುತ್ತದೆ.

ಡಿಕ್ಕಿಯಲ್ಲಿರುವ ಸಿಲಿಂಡರಿನ ಮೇಲಿನ ಕೈವಾಲ್ವನ್ನು ಪೂರ್ತಿ ಮುಚ್ಚಿ, ಎಂಜಿನ್ನನ್ನು ಗ್ಯಾಸಿನಲ್ಲೇ ಐಡಲ್ ಬಿಡಬೇಕು. ಪೈಪಿನಲ್ಲಿ ಉಳಿದ ಗ್ಯಾಸು ಖರ್ಚಾದಂತೆ ಗಾಡಿ ತಾನಾಗಿ ಪೆಟ್ರೋಲಿಗೆ ಹೊರಳುತ್ತದೆ, ಸ್ವಿಚ್ಚಿನ ದೀಪ ಬದಲಾಗುತ್ತದೆ. ತುಂಬಿದ ಸಿಲಿಂಡರಿನಲ್ಲಿ ಸಿಎನ್‌ಜಿ 200 ಬಾರ್‌ನಲ್ಲಿ ಇರುತ್ತದೆ. ಒತ್ತಡ ಇಳಿಸುವ ರೆಗ್ಯುಲೇಟರ್ ದಾಟಿದ ಮೇಲೆ ಕೆಲವೇ ಬಾರ್. ಹೆಡ್ ಎತ್ತಲು ಬಿಚ್ಚಬೇಕಾಗಿರುವುದು ರೆಗ್ಯುಲೇಟರ್ ಆಚೆಯ, ಗ್ಯಾಸ್ ಇಂಜೆಕ್ಟರ್ ಕಡೆಯ ರಬ್ಬರ್ ಪೈಪು ಮಾತ್ರ. ಸಿಲಿಂಡರಿನಿಂದ ರೆಗ್ಯುಲೇಟರಿಗೆ ಬರುವ ಸ್ಟೀಲ್ ಪೈಪಿನ ನಟ್ಟುಗಳನ್ನು ಸಾಮಾನ್ಯ ಗ್ಯಾರೇಜಿನಲ್ಲಿ ಮುಟ್ಟಬಾರದು. ಅದು ಸಿಎನ್‌ಜಿ ತರಬೇತಿ ಪಡೆದವರ ಕೆಲಸ.

ಪೆಟ್ರೋಲಿಗೆ ಹೊರಳಿದ ಎಂಜಿನ್ ಓಡುತ್ತಿರುವಾಗ ಪಂಪಿನ ಫ್ಯೂಸನ್ನೋ ರಿಲೇಯನ್ನೋ ಕೀಳಬೇಕು. ಈಗ ಎಂಜಿನ್ ಕೆಲವು ಸೆಕೆಂಡುಗಳಲ್ಲಿ ಕುಂಟಿ, ಕೆಮ್ಮಿ ನಿಲ್ಲುತ್ತದೆ. ನಿಂತ ಮೇಲೆ ಐದು ಸೆಕೆಂಡಿನಂತೆ ಎರಡು ಸಲ ಸೆಲ್ಫ್ ಹೊಡೆಯಬೇಕು, ಉಳಿದಿದ್ದೂ ಇಳಿಯಲೆಂದು. ಕೀ ಆಫ್, ಕೀ ಜೇಬಿಗೆ, ಬ್ಯಾಟರಿಯ ನೆಗೆಟಿವ್ ಹೊರಗೆ. ಫ್ಯೂಸನ್ನು ವಾಪಸ್ ಹಾಕದೆ ಡ್ಯಾಶ್‌ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಟೇಪಿನಲ್ಲಿ ಅಂಟಿಸಿಡುವುದು ಒಳ್ಳೆಯ ರೂಢಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ತೆರೆದು ‘ಹುಸ್’ ಎಂಬ ಗಾಳಿ ಹೋಗಲು ಬಿಡಬೇಕು. ಟ್ಯಾಂಕಿನೊಳಗೆ ಆವಿಯ ಒತ್ತಡ ಉಳಿದಿದ್ದರೆ ಅದು ಬಿಚ್ಚಿದ ಪೈಪಿನಿಂದ ಪೆಟ್ರೋಲನ್ನು ಸಣ್ಣಗೆ ತಳ್ಳುತ್ತಲೇ ಇರುತ್ತದೆ. ಗಾಡಿಯ ಹಿಂಭಾಗವನ್ನು ಜಾಕಿನಲ್ಲಿ ಎತ್ತಿದ್ದರೂ ಹೀಗೇ ಸುರಿಯುವುದುಂಟು.

ಆಮೇಲೆ ಎಂಜಿನ್ ಆರಬೇಕು. ಮ್ಯಾನಿಫೋಲ್ಡಿನ ಮೇಲೆ ಅಂಗೈ ಆರಾಮಾಗಿ ಇಡುವಂತಾದರೆ ಸರಿ. ಗಡಿಬಿಡಿಯ ದಿನ ಈ ಕಾಯುವಿಕೆಯೇ ಮೊದಲು ಬಿಟ್ಟುಹೋಗುವುದು. ಹೆಡ್ ಬೋಲ್ಟುಗಳನ್ನು ತಣ್ಣಗಾದ ಮೇಲೆಯೇ ಬಿಚ್ಚಬೇಕಾಗಿರುವುದರಿಂದ ಇಲ್ಲಿ ಅವಸರಪಟ್ಟು ಉಳಿಯುವ ಸಮಯವೂ ಏನಿಲ್ಲ.

ಎಂಜಿನ್ ಓಡುವ ಸ್ಥಿತಿಯಲ್ಲೇ ಇಲ್ಲದಿದ್ದರೆ? ಹೆಡ್ ಗ್ಯಾಸ್ಕೆಟ್ ಹೋದ ಗಾಡಿಗಳಲ್ಲಿ ಇದು ದಿಟವಾದ ಪ್ರಶ್ನೆ. ಎಂಜಿನ್ ಸಿಲಿಂಡರಿನೊಳಗೆ ನೀರು ತುಂಬಿರುವ ಅನುಮಾನ ಇದ್ದರೆ ಸೆಲ್ಫ್ ಹೊಡೆಯಲೇಬಾರದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು ಸೆಲ್ಫ್ ಹೊಡೆಯೋಣ ಎಂದರೆ ಇಂಜೆಕ್ಟರ್ ಬಿಟ್ಟ ಪೆಟ್ರೋಲ್ ಪ್ಲಗ್ಗಿನ ತೂತಿನಿಂದ ಮಂಜಾಗಿ ಹೊರಬರುತ್ತದೆ, ಕಾಯಿಲ್ ಜೋಡಿಸಿಯೇ ಇದ್ದರೆ ಕಿಡಿಯೂ ಅಲ್ಲೇ ಇರುತ್ತದೆ. ಅಂಥ ಗಾಡಿಯನ್ನು ರಾತ್ರಿಯಿಡೀ ತಣ್ಣಗಾಗಲು ಬಿಟ್ಟು, ನೆಗೆಟಿವ್ ಬಿಚ್ಚಿ, ಬಟ್ಟೆ ಸುತ್ತಿ ನಿಧಾನವಾಗಿ ಬಿಡಿಸುವುದೇ ದಾರಿ. ರೈಲಿನ ಮೇಲೆ ಟೈರಿನ ವಾಲ್ವಿನಂಥ ಟೆಸ್ಟ್ ವಾಲ್ವ್ ಇದ್ದರೆ ಗೇಜು ಕೂರಿಸಿ ಅದರ ಪೈಪಿನಿಂದಲೇ ಡಬ್ಬಿಗೆ ಇಳಿಸಬಹುದು. ನಮ್ಮಲ್ಲಿ ಓಡುವ ಸಣ್ಣ ಕಾರುಗಳ ಪೈಕಿ ಬಹಳಷ್ಟರಲ್ಲಿ ಆ ವಾಲ್ವ್ ಇರುವುದಿಲ್ಲ.

ಕನೆಕ್ಟರ್ ಕೈಗೆ ಬಂದಾಗ

ಮೊದಲು ಸ್ವಚ್ಛ. ಕನೆಕ್ಟರಿನ ಸುತ್ತ ಬ್ರಷ್ ಆಡಿಸಿ, ಒಣ ಗಾಳಿ ಹೊಡೆದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಲಾಕಿನ ಗುಂಡಿ ಒಳಗೆ ಹೋಗದಿರಲು ಹತ್ತಕ್ಕೆ ಒಂಬತ್ತು ಸಲ ಅಲ್ಲಿ ಗಟ್ಟಿಯಾದ ಮಣ್ಣೇ ಕಾರಣ. ಕಣ್ಣಿಗೆ ಪಕ್ಕ ಮುಚ್ಚುವ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸು. ಅಡಿಗೆ ಲೋಹದ ತಟ್ಟೆ. ಕೈಗೆಟುಕುವಲ್ಲಿ ಎಬಿಸಿ ಪುಡಿಯ ಬೆಂಕಿ ಆರಿಸುವ ಸಿಲಿಂಡರು, ಅದರ ಗೇಜಿನ ಮುಳ್ಳು ಹಸಿರಿನಲ್ಲಿರಬೇಕು.

ಬಿಡಿಸುವುದು ಕೈಯ ಹದದ ಕೆಲಸ. ಕನೆಕ್ಟರನ್ನು ಎಳೆಯುವ ಮೊದಲು ರೈಲಿನ ಕಡೆಗೇ ಒಮ್ಮೆ ಒತ್ತಬೇಕು. ಒಳಗಿನ ಕೊಕ್ಕೆಗಳು ಪೈಪಿನ ಉಬ್ಬಿಗೆ ತಗುಲಿ ಬಿಗಿಯಾಗಿ ನಿಂತಿರುತ್ತವೆ. ಒಳಕ್ಕೆ ಒತ್ತಿದಾಗಲೇ ಅವು ಸಡಿಲಾಗುವುದು. ಒತ್ತಿಹಿಡಿದು ಎರಡೂ ಗುಂಡಿಗಳನ್ನು ಅದುಮಿ, ಪೈಪನ್ನು ಎಡಕ್ಕೆ ಬಲಕ್ಕೆ ಚೂರೇ ಚೂರು ತಿರುಗಿಸಿ, ನೇರ ಹಿಂದಕ್ಕೆ ಎಳೆಯಬೇಕು. ಈ ಎಲ್ಲ ಹೊತ್ತೂ ಕನೆಕ್ಟರಿಗೆ ಎರಡು ಸುತ್ತು ಹತ್ತಿ ಬಟ್ಟೆ ಸುತ್ತಿರಬೇಕು. ಪ್ರೆಷರ್ ಇಳಿಸಿದ ಮೇಲೂ ಎರಡು ಮೂರು ಚಮಚ ಪೆಟ್ರೋಲ್ ಬಂದೇ ಬರುತ್ತದೆ, ಬಟ್ಟೆ ಹೀರಿಕೊಳ್ಳುತ್ತದೆ. ಆ ಬಟ್ಟೆ ಮುಚ್ಚಳವಿರುವ ತಗಡಿನ ಡಬ್ಬಿಗೆ ಹೋಗಬೇಕು, ವೇಸ್ಟ್ ಬಟ್ಟೆಯ ರಾಶಿಗಲ್ಲ.

ಕೆಲವು ಕನೆಕ್ಟರುಗಳಿಗೆ ಪಕ್ಕದ ಗುಂಡಿ ಇರುವುದಿಲ್ಲ. ಕೆಲವಕ್ಕೆ ಹೊರಗೆ ಎಳೆಯುವ ಬಣ್ಣದ ಲಾಕ್ ಇರುತ್ತದೆ, ಕೆಲವಕ್ಕೆ ಪೈಪಿನ ಸುತ್ತ ಕೂರಿಸಿ ಒಳಗೆ ತಳ್ಳುವ ಅರ್ಧಚಂದ್ರದ ಪ್ಲಾಸ್ಟಿಕ್ ಟೂಲ್ ಬೇಕು. ಈ ಟೂಲಿನ ಸೆಟ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ಒಂದು ಹೊಸ ಫ್ಯೂಯಲ್ ಹೋಸಿಗಿಂತ ಕಡಿಮೆ. ಸ್ಕ್ರೂಡ್ರೈವರ್ ಯಾವುದಕ್ಕೂ ಬೇಡ.

ಬಿಚ್ಚಿದ ಎರಡೂ ತುದಿಗಳಿಗೆ ಕ್ಯಾಪ್ ಹಾಕಬೇಕು. ಬಟ್ಟೆ ತುರುಕಿದರೆ ಅದರ ನೂಲು ಒಳಗೆ ಹೋಗಿ ಇಂಜೆಕ್ಟರಿನ ಜರಡಿಯಲ್ಲಿ ಕೂರುತ್ತದೆ, ಹದಿನೈದು ದಿನ ಬಿಟ್ಟು ಒಂದು ಸಿಲಿಂಡರ್ ಮಿಸ್ಸಿಂಗ್ ಎಂದು ಗಾಡಿ ವಾಪಸ್ ಬರುತ್ತದೆ. ಬಂದ ಪೆಟ್ರೋಲನ್ನು ನೀರಿನ ಪ್ಲಾಸ್ಟಿಕ್ ಬಾಟಲಿಗೆ ತುಂಬಿಡುವುದು ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಚಾಳಿ. ಯಾರಾದರೂ ನೀರೆಂದು ಕುಡಿಯುತ್ತಾರೆ. ಬಾಯಿಂದ ಪೈಪು ಹೀರಿ ಪೆಟ್ರೋಲ್ ಎಳೆಯುವುದೂ ಅಷ್ಟೇ ಕೆಟ್ಟದ್ದು. ಗುಟುಕು ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ನ್ಯುಮೋನಿಯಾದಂಥ ಉರಿಯೂತವಾಗುತ್ತದೆ. ಹಾಗೆ ನುಂಗಿದವರಿಗೆ ವಾಂತಿ ಮಾಡಿಸಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಸ್ಕ್ರೂಡ್ರೈವರ್ ಮಾಡಿದ ಗಾಯ

ಮಾರನೆಯ ದಿನ ಕೆಲಸ ಮುಂದುವರಿಯಿತು. ಹೆಡ್ ಎತ್ತಿದರು. ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಸುಟ್ಟಿತ್ತು. ಹೆಡ್ಡಿನ ಮುಖ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಎಲ್ಲ ವಾಪಸ್ ಜೋಡಿಸಿದರು. ಆ ಭಾಗದಲ್ಲಿ ಹೇಳುವಂಥದ್ದು ಏನೂ ಇಲ್ಲ, ಕೆಲಸ ಅಚ್ಚುಕಟ್ಟು.

ಪೆಟ್ರೋಲ್ ಪೈಪಿನ ಕನೆಕ್ಟರ್ ಕೂರಿಸಿದಾಗ ‘ಟಕ್’ ಎನ್ನಲಿಲ್ಲ. ತಳ್ಳಿದರೆ ಒಳಗೆ ಹೋಯಿತು, ಎಳೆದರೆ ಎರಡು ಮಿ.ಮೀ. ಹಿಂದೆ ಬಂತು. ಬೆಳಕಿಗೆ ಹಿಡಿದು ನೋಡಿದಾಗ ಮೂರು ಗಾಯ ಕಂಡವು. ಬಿಳಿ ಲಾಕಿನ ಒಂದು ಕೊಕ್ಕೆಯ ತುದಿ ಮುರಿದಿತ್ತು. ಒಳಗಿನ ಓ-ರಿಂಗಿನ (ಸೋರದಂತೆ ತಡೆಯುವ ರಬ್ಬರ್ ಬಳೆ) ಅಂಚಿನಲ್ಲಿ ಉಗುರಿನಿಂದ ಗೀರಿದಂಥ ಕಚ್ಚು. ರೈಲಿನ ಪೈಪಿನ ಮೂತಿಯ ಮೇಲೆ, ಉಬ್ಬಿನಿಂದ ತುದಿಯವರೆಗೆ, ಸ್ಕ್ರೂಡ್ರೈವರ್ ಎಳೆದ ಉದ್ದನೆಯ ಗೆರೆ. ಅಡ್ಡ ಗೆರೆಯಾಗಿದ್ದರೆ ಓ-ರಿಂಗ್ ಅದನ್ನು ದಾಟಿ ಕೂತು ಮುಚ್ಚಿಬಿಡುತ್ತಿತ್ತು. ಉದ್ದ ಗೆರೆ ಓ-ರಿಂಗಿನ ಅಡಿಯಲ್ಲಿ ಕಾಲುವೆ ತೋಡಿದ ಹಾಗೆ, ಪೆಟ್ರೋಲಿಗೆ ನೇರ ದಾರಿ.

ಇಲ್ಲಿ ಮೂರು ಸಲಹೆ ಬಂದವು. ಕೇಬಲ್ ಟೈ ಕಟ್ಟಿ ಲಾಕ್ ಬಿಗಿಮಾಡೋಣ ಎಂದ ಹುಡುಗ. ಕೇಬಲ್ ಟೈ ಪೈಪು ಹಿಂದಕ್ಕೆ ಜಾರುವುದನ್ನು ಕೆಲವು ದಿನ ತಡೆದೀತು, ಎಂಜಿನ್ನಿನ ಶಾಖಕ್ಕೆ ಗಟ್ಟಿಯಾಗಿ ಮುರಿಯುತ್ತದೆ. ಅದು ಮುರಿದ ದಿನ ಎಂಜಿನ್ ಓಡುತ್ತಿರುತ್ತದೆ, ಪಂಪು 3 ಬಾರ್‌ನಲ್ಲಿ ಪೆಟ್ರೋಲ್ ತಳ್ಳುತ್ತಿರುತ್ತದೆ. ಕನೆಕ್ಟರನ್ನೇ ಕತ್ತರಿಸಿ, ನೈಲಾನ್ ಪೈಪಿಗೆ ರಬ್ಬರ್ ಹೋಸ್ ತೊಡಿಸಿ ಸ್ಕ್ರೂ ಕ್ಲಿಪ್ ಬಿಗಿಯೋಣ ಎಂಬುದು ಪಕ್ಕದ ಅಂಗಡಿಯವರ ಮಾತು. ನುಣುಪಾದ ನೈಲಾನ್ ಪೈಪಿನ ಮೇಲೆ ಕ್ಲಿಪ್ ಹಿಡಿಯುವುದಿಲ್ಲ. ಬಿಗಿದಷ್ಟೂ ನೈಲಾನ್ ಒಳಕ್ಕೆ ಕುಸಿಯುತ್ತದೆ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಹೋಸೂ ಒಂದೇ ಬಗೆಯದಲ್ಲ. ಕಾರ್ಬ್ಯುರೇಟರ್ ಗಾಡಿಗೆಂದು ಮಾಡಿದ ಎಸ್‌ಎಇ ಜೆ30 ಎಂಬ ಮಾನದಂಡದ ಆರ್7 ಹೋಸು 50 ಪಿಎಸ್‌ಐ ಮಟ್ಟದ್ದು, ಇಂಜೆಕ್ಷನ್ ಲೈನಿಗೆ ಬೇಕಾದ್ದು 100 ಪಿಎಸ್‌ಐ ತಡೆಯುವ ಆರ್9. ಹೋಸಿನ ಮೇಲೆ ಅಚ್ಚು ಇಲ್ಲದಿದ್ದರೆ ಅದನ್ನು ಪೆಟ್ರೋಲಿಗೆ ಹಾಕಲೇಬಾರದು. ತಿರುಗಿಸುವ ಸ್ಕ್ರೂ ಕ್ಲಿಪ್ಪಿನ ಹಲ್ಲಿನ ಕಿಂಡಿಗಳು ರಬ್ಬರನ್ನು ಕೊಯ್ಯುತ್ತವೆ. ಇಂಜೆಕ್ಷನ್ ಹೋಸಿಗೆ ಅಂಚು ಮಡಚಿದ, ಒಳಮೈ ನುಣುಪಾದ ಕ್ಲಿಪ್ಪೇ ಬೇಕು.

ಇನ್ನೊಂದು ಮಾತು ಇಲ್ಲಿ ಸೇರಬೇಕು. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಅದರಲ್ಲಿ 20 ಶೇಕಡಾ ಎಥೆನಾಲ್. ಅಂಥ ಪೆಟ್ರೋಲಿಗೆ ಹೊಂದದ ರಬ್ಬರು ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಮೂರನೆಯ ಸಲಹೆ, ಲೋಕಲ್ ಓ-ರಿಂಗ್ ಸೆಟ್ಟಿನಿಂದ ಅಳತೆ ಹೊಂದುವ ಒಂದು ರಿಂಗ್ ಆರಿಸಿ ಹಾಕುವುದು. ಅದು ಮೊದಲೂ ಸರಿಯಿರಲಿಲ್ಲ, ಈಗಂತೂ ಸಲ್ಲದು.

ಹಿರಿಯ ಮೆಕ್ಯಾನಿಕ್ ಮೂರನ್ನೂ ಬಿಟ್ಟು ಕಂಪನಿಯ ಹೊಸ ಫ್ಯೂಯಲ್ ಹೋಸನ್ನು ಕನೆಕ್ಟರ್ ಸಮೇತ ತರಿಸಿದರು, ಗೆರೆ ಬಿದ್ದ ರೈಲನ್ನೂ ಬದಲಿಸಿದರು. ಗೆರೆಯನ್ನು ಎಮರಿ ಪೇಪರಿನಲ್ಲಿ ಉಜ್ಜಿದ್ದರೆ ಪೈಪಿನ ಮೂತಿಯ ಅಳತೆಯೇ ಕಡಿಮೆಯಾಗಿ ಓ-ರಿಂಗಿನ ಹಿಡಿತ ಹೋಗುತ್ತಿತ್ತು. ಎರಡರ ದುಡ್ಡನ್ನೂ ಗ್ಯಾರೇಜೇ ಹೊತ್ತಿತು, ಗಿರಾಕಿಯ ಬಿಲ್ಲಿಗೆ ಹಾಕಲಿಲ್ಲ. ಇದು ಸರಿಯಾದ ನಡೆ ಎಂದು ನಮ್ಮ ಅಭಿಪ್ರಾಯ.

ಜೋಡಣೆ ಮತ್ತು ಪರೀಕ್ಷೆ

ರೈಲ್ ಬಿಚ್ಚಿದ ಮೇಲೆ ಇಂಜೆಕ್ಟರಿನ ಓ-ರಿಂಗುಗಳು ಹೊಸವೇ ಆಗಬೇಕು. ಅವಕ್ಕೆ ಒಂದು ಹನಿ ಹೊಸ ಎಂಜಿನ್ ಆಯಿಲ್ ಸವರಿದರೆ ಮಡಚಿಕೊಳ್ಳದೆ ಜಾರಿ ಕೂರುತ್ತವೆ. ಗ್ರೀಸ್ ಬೇಡ. ರೈಲನ್ನು ಕೂರಿಸಿದ ಮೇಲೆ ಪ್ರತಿ ಇಂಜೆಕ್ಟರನ್ನೂ ಬೆರಳಲ್ಲಿ ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗದಿದ್ದರೆ ಓ-ರಿಂಗ್ ಮಡಚಿದೆ ಎಂದರ್ಥ, ರೈಲ್ ಎತ್ತಿ ಮತ್ತೆ ಕೂರಿಸಬೇಕು. ಕನೆಕ್ಟರಿನ ಓ-ರಿಂಗಿಗೂ ಅದೇ ಒಂದು ಹನಿ ಆಯಿಲ್. ‘ಟಕ್’ ಎನ್ನುವವರೆಗೆ ತಳ್ಳಿ, ಆಮೇಲೆ ಗಟ್ಟಿಯಾಗಿ ಹಿಂದಕ್ಕೆ ಎಳೆದು ನೋಡಬೇಕು. ಸದ್ದು ಕೇಳಿಸಿತು ಎಂದು ಬಿಡುವಂತಿಲ್ಲ, ಎಳೆತವೇ ಪರೀಕ್ಷೆ.

ಫ್ಯೂಸ್ ಹಾಕಿ, ನೆಗೆಟಿವ್ ಜೋಡಿಸಿ, ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್. ಪಂಪಿನ ಸದ್ದು ನಿಂತ ಮೇಲೆ ಆಫ್. ಹೀಗೆ ಮೂರು ಸಲ. ಲೈನಿನಲ್ಲಿ ಪೂರ್ತಿ ಪ್ರೆಷರ್ ಬರುತ್ತದೆ, ಎಂಜಿನ್ ಮಾತ್ರ ತಣ್ಣಗೆ ನಿಂತಿರುತ್ತದೆ. ಸೋರಿಕೆ ಹುಡುಕಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಎಲ್‌ಇಡಿ ಟಾರ್ಚ್ ಹಿಡಿದು ಪ್ರತಿ ಜೋಡಣೆಯ ಅಡಿಗೂ ಒಣ ಟಿಶ್ಯೂ ಕಾಗದ ತಾಗಿಸಿ ನೋಡಬೇಕು. ಕಣ್ಣಿಗೆ ಕಾಣದ ತೇವ ಕಾಗದದಲ್ಲಿ ಕಲೆಯಾಗಿ ಕಾಣುತ್ತದೆ. ಆಮೇಲೆ ಸ್ಟಾರ್ಟ್, ಪೆಟ್ರೋಲಿನಲ್ಲೇ ಹತ್ತು ನಿಮಿಷ. ರೇಸ್ ಕೊಟ್ಟು ನೋಡಿ, ಮತ್ತೆ ಕಾಗದ.

ಡೀಸೆಲ್ ಕಾಮನ್ ರೈಲ್ ಗಾಡಿಗೆ ಇಲ್ಲಿ ಹೇಳಿದ್ದು ಸಾಲದು. ಅದರ ಹೈ ಪ್ರೆಷರ್ ಪೈಪಿನಲ್ಲಿ 1600 ಬಾರ್ ಮತ್ತು ಅದಕ್ಕೂ ಮೀರಿದ ಒತ್ತಡ ಬರುತ್ತದೆ. ಹಳೆಯ ಪಂಪಿನ ಲಾರಿಗಳಲ್ಲಿ ಮಾಡುತ್ತಿದ್ದಂತೆ ಎಂಜಿನ್ ಓಡುವಾಗ ಇಂಜೆಕ್ಟರ್ ನಟ್ ಸಡಿಲಿಸಿ ಯಾವ ಸಿಲಿಂಡರ್ ಮಿಸ್ಸಿಂಗ್ ಎಂದು ನೋಡಿದರೆ ಎಳೆಯಷ್ಟು ತೆಳ್ಳಗಿನ ಧಾರೆ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲಿಗೆ ಕಡಿಮೆ, ಆದರೆ ಆ ಕೈಗೆ ಅದೇ ದಿನ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಹಲವು ಕಂಪನಿಗಳು ಆ ಸ್ಟೀಲ್ ಪೈಪುಗಳನ್ನು ಒಮ್ಮೆ ಬಿಚ್ಚಿದರೆ ಬದಲಿಸಲೇಬೇಕು ಎನ್ನುತ್ತವೆ.

ಈ ಕಾರನ್ನು ಆ ಸಂಜೆಯೇ ಕೊಡಲಿಲ್ಲ. ರಾತ್ರಿ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಬೋನೆಟ್ ಎತ್ತಿ ಮೊದಲು ಮೂಸಿ ನೋಡಿದರು, ಆಮೇಲೆ ಕೀ ಆನ್ ಮಾಡಿ ಕನೆಕ್ಟರಿಗೂ ನಾಲ್ಕು ಇಂಜೆಕ್ಟರಿಗೂ ಕಾಗದ ತಾಗಿಸಿದರು. ಬಿಸಿಯಲ್ಲಿ ಹಿಗ್ಗಿ ಮುಚ್ಚಿಕೊಂಡ ಓ-ರಿಂಗ್ ತಣ್ಣಗಾದಾಗ ಸೋರುವುದುಂಟು. ಐದು ಕಾಗದವೂ ಒಣಗಿಯೇ ಇತ್ತು. ಡಿಕ್ಕಿಯ ಕೈವಾಲ್ವ್ ನಿಧಾನವಾಗಿ ತೆರೆದು, ಎಂಜಿನ್ ಗ್ಯಾಸಿಗೆ ಹೊರಳಿದ ಮೇಲೆ ಗ್ಯಾಸ್ ಇಂಜೆಕ್ಟರ್ ಕಡೆಯ ಪೈಪಿನ ಎರಡೂ ತುದಿಗೆ ಸೋಪಿನ ನೀರು ಹಚ್ಚಿದರು. ಒಂದು ತುದಿಯಲ್ಲಿ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ವಾಲ್ವ್ ಮುಚ್ಚಿ, ಉಳಿದ ಗ್ಯಾಸು ಸುಡುವವರೆಗೆ ಎಂಜಿನ್ ಓಡಿಸಿ, ಆ ಕ್ಲಿಪ್ ಬದಲಿಸಿ, ಮತ್ತೆ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಬರಲಿಲ್ಲ. ಗಾಡಿ ಮಧ್ಯಾಹ್ನ ಹೊರಟಿತು.